ನ್ಯಾಯಾಧೀಶರ ಕಡತವನ್ನು ತಾರೀಖು ಹಿಡಿದು ಓದಿ

ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು. ಯಾವ ಕಟ್ಟು ಬಂದರೂ ಮೊದಲು ನೋಡುತ್ತಿದ್ದುದು ಆರ್ಡರ್ ಶೀಟನ್ನು. ಯಾವತ್ತು ಏನಾಯಿತು, ನಡುವೆ ಎಷ್ಟು ದಿನ ಸುಮ್ಮನೆ ಬಿದ್ದಿತ್ತು ಎಂದು ತಿಳಿದರೆ ಅರ್ಧ ಕೇಸು ತಿಳಿದ ಹಾಗೆ. ಅಮೆರಿಕದಲ್ಲಿ ಕಾನೂನು ಓದುತ್ತಿರುವ ಮೊಮ್ಮಗಳು, "ತಾತ, ಇಲ್ಲಿ ಫೆಡರಲ್ ಅಪೀಲು ಕೋರ್ಟಿನ ಜಡ್ಜ್ ಹೇಗಾಗ್ತಾರೆ ಅಂತ ಬರೀಬೇಕು" ಎಂದಾಗ ಇದೇ ದಾರಿ ಹೇಳಿಕೊಟ್ಟೆ.

ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಿ. ನಾವು ಆರಿಸಿದ್ದು ವಾಷಿಂಗ್ಟನ್ನಿನ ಡಿ.ಸಿ. ಸರ್ಕಿಟ್ ಕೋರ್ಟಿನ ಶ್ರೀ ಶ್ರೀನಿವಾಸನ್ ಅವರನ್ನು. (ಇಲ್ಲಿ 'ಶ್ರೀ' ಗೌರವಕ್ಕೆ ಸೇರಿಸಿದ್ದಲ್ಲ, ಶ್ರೀಕಾಂತ್ ಎಂಬುದರ ಮೊಟಕು.) ಫೆಡರಲ್ ಜುಡಿಷಿಯಲ್ ಸೆಂಟರ್ ತಾಣದಲ್ಲಿ ಪ್ರತಿ ಜಡ್ಜರ ಸಂಕ್ಷಿಪ್ತ ಜೀವನವಿವರ ಸಿಗುತ್ತದೆ. 1967ರಲ್ಲಿ ಚಂಡೀಗಢದಲ್ಲಿ ಹುಟ್ಟು, ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು, ಆಮೇಲೆ ಲಾ ಕ್ಲರ್ಕ್. ಈ ಪದ ನೋಡಿ ಮೋಸ ಹೋಗಬೇಡಿ. ಇದು ನಮ್ಮ ಗುಮಾಸ್ತರ ಕೆಲಸವಲ್ಲ. ಜಡ್ಜರಿಗಾಗಿ ಕಾನೂನು ಹುಡುಕಿ, ಕರಡು ಬರೆದುಕೊಡುವ ಎಳೆಯ ವಕೀಲರ ಕೆಲಸ. ಅವರು ಸುಪ್ರೀಂ ಕೋರ್ಟಿನಲ್ಲಿ ಸಾಂಡ್ರಾ ಡೇ ಓಕಾನರ್ ಅವರ ಬಳಿ ಇದ್ದರು. ಆ ಹೆಸರಿನ ಕೆಳಗೆ ಗೆರೆ ಎಳೆದಿಡಿ. ಸರ್ಕಾರಿ ವಕೀಲರಾಗಿ ಬುಷ್ ಕಾಲದಲ್ಲೂ ಒಬಾಮಾ ಕಾಲದಲ್ಲೂ ದುಡಿದದ್ದನ್ನೂ ಗುರುತು ಹಾಕಿಕೊಳ್ಳಿ.

ಈಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ತಾಣದಲ್ಲಿ ನಾಮನಿರ್ದೇಶನಗಳ ಪುಟ ತೆರೆದು ತಾರೀಖುಗಳನ್ನು ಸಾಲಾಗಿ ಬರೆಯಿರಿ. ಅಧ್ಯಕ್ಷ ಒಬಾಮಾ ಒಪ್ಪಿಗೆಗಾಗಿ ಮೇಲ್ಮನೆಯಾದ ಸೆನೆಟ್‌ಗೆ ಹೆಸರು ಕಳಿಸಿದ್ದು 2012ರ ಜೂನ್ 11. ಅದು ಚುನಾವಣೆಯ ವರ್ಷ. ಸೆನೆಟ್ ಅವಧಿ ಮುಗಿದಾಗ ಹೆಸರು ವಾಪಸಾಯಿತು, 2013ರ ಜನವರಿಯಲ್ಲಿ ಮತ್ತೆ ಹೋಯಿತು. ನ್ಯಾಯಾಂಗ ಸಮಿತಿಯ ವಿಚಾರಣೆ ಏಪ್ರಿಲ್ 10. ಸೆನೆಟ್ ಮತ ಮೇ 23: ಪರ 97, ವಿರೋಧ ಸೊನ್ನೆ.

97-0 ಮಾತ್ರ ಬರೆದರೆ ಹೂವಿನ ಹಾದಿಯಂತೆ ಕಾಣುತ್ತದೆ. ದಿನ ಎಣಿಸಿ. ಒಟ್ಟು 346 ದಿನ. ಅದರಲ್ಲಿ 303 ವಿಚಾರಣೆಗೆ ಕಾದದ್ದೇ. ಆ ಕುರ್ಚಿಯಾದರೋ 2008ರ ನವೆಂಬರ್‌ನಿಂದಲೇ ಖಾಲಿ. ಮೊಮ್ಮಗಳು ಎರಡು ಸಲ ಕೂಡಿ ನೋಡಿದಳು. ಪ್ರಬಂಧ ಅಲ್ಲಿಂದಲೇ ಶುರುಮಾಡು ಎಂದೆ.

ಒಂದು ಎಚ್ಚರಿಕೆ. ಅಭ್ಯರ್ಥಿಯ ರಾಜ್ಯದ ಸೆನೆಟರುಗಳ ಒಪ್ಪಿಗೆಯ 'ಬ್ಲೂ ಸ್ಲಿಪ್' ಬಗ್ಗೆ ಎಲ್ಲ ಕಡೆ ಓದುತ್ತೀರಿ. ರಾಜಧಾನಿಯಾದ ಡಿ.ಸಿ. ರಾಜ್ಯವಲ್ಲ, ಅದಕ್ಕೆ ಸೆನೆಟರುಗಳೇ ಇಲ್ಲ, ಆದ್ದರಿಂದ ಇಲ್ಲಿ ಅದನ್ನು ಹುಡುಕಬೇಡಿ.

ಮುಖ್ಯ ನ್ಯಾಯಾಧೀಶರ ಹುದ್ದೆಗೆ ಬೇರೆ ನೇಮಕವಿಲ್ಲ. 65 ತುಂಬದವರಲ್ಲಿ ಸೇವೆಯಲ್ಲಿ ಹಿರಿಯರಾದವರಿಗೆ ಸರದಿಯಂತೆ ಬರುತ್ತದೆ, ಅವಧಿ 7 ವರ್ಷ. ಮೆರಿಕ್ ಗಾರ್ಲೆಂಡ್ ಅವಧಿ ಮುಗಿದ ಮೇಲೆ 2020ರ ಫೆಬ್ರುವರಿಯಲ್ಲಿ ಇವರಿಗೆ ಬಂತು. ನಮ್ಮ ಹೈಕೋರ್ಟಿನವರು 62ಕ್ಕೆ ನಿವೃತ್ತರಾದರೆ, ಅಲ್ಲಿನವರ ಹುದ್ದೆ ಜೀವನಪರ್ಯಂತ.

ಕೊನೆಯ ಸಾಲಿಗೆ ಪ್ರಮಾಣವಚನ ಬರೆಯಿರಿ. 2013ರ ಸೆಪ್ಟೆಂಬರ್‌ನ ಸಮಾರಂಭದಲ್ಲಿ ತಾಯಿ ಭಗವದ್ಗೀತೆ ಹಿಡಿದು ನಿಂತಿದ್ದರು. ಬೋಧಿಸಿದವರು ಯಾರೆಂದು ನೋಡಿ: ಸಾಂಡ್ರಾ ಡೇ ಓಕಾನರ್. ಮೊದಲು ಗೆರೆ ಎಳೆದ ಹೆಸರಿನಿಂದ ಇಲ್ಲಿಗೊಂದು ಬಾಣ ಹಾಕಿ.