ಸೂಜಿಗೆ ಮೊದಲು ಮಗುವಿಗೆ ಸತ್ಯ ಹೇಳುವುದು ಹೇಗೆ?

‘ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ’ ಎಂಬ ಬೆದರಿಕೆ ಬಹಳ ಮನೆಗಳಲ್ಲಿದೆ. ಮೊದಲು ನಿಲ್ಲಿಸಬೇಕಾದದ್ದು ಅದನ್ನೇ. ಮೂರರಿಂದ ಆರು ವರ್ಷದ ಮಕ್ಕಳು ತಮ್ಮ ತಪ್ಪಿನಿಂದಲೇ ಕಾಯಿಲೆ ಬಂತೆಂದು ಸುಲಭವಾಗಿ ನಂಬುತ್ತಾರೆ. ‘ಇದು ನಿನ್ನ ತಪ್ಪಲ್ಲ’ ಎಂದು, ಮಗು ಕೇಳದಿದ್ದರೂ, ಹೇಳಿ.

ಯಾವಾಗ ಹೇಳಬೇಕು?
ಪುಟ್ಟ ಮಕ್ಕಳಿಗೆ ಒಂದೆರಡು ದಿನ ಮೊದಲು, ಶಾಲೆಗೆ ಹೋಗುವವರಿಗೆ ಸುಮಾರು ಒಂದು ವಾರ ಮೊದಲು. ಹದಿಹರೆಯದವರನ್ನು ವೈದ್ಯರೊಂದಿಗಿನ ಮಾತುಕತೆಗೇ ಕೂರಿಸಿಕೊಳ್ಳಿ.

ಏನು ಹೇಳಬೇಕು?
ಲಾಲ್‌ಬಾಗಿಗೆ ಹೋಗೋಣ ಎಂದು ಆಟೋ ಹತ್ತಿಸಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಬೇಡಿ. ಅಂದಿನ ಕೆಲಸವೇನೋ ಮುಗಿಯಬಹುದು, ಮುಂದಿನ ಸಲ ಮಗು ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳನ್ನು ನೆನೆಯಿರಿ: ಅವರಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಎರಡು ವರ್ಷಕ್ಕೂ ಮೀರಿ ಔಷಧ ಬೇಕಾಗುತ್ತದೆ. ಅಷ್ಟು ದಿನ ಸುಳ್ಳು ನಡೆಯುವುದಿಲ್ಲ.

‘ನೋವೇ ಆಗುವುದಿಲ್ಲ’ ಎನ್ನಬೇಡಿ. ‘ಒಂದು ಕ್ಷಣ ಚುರುಕ್ ಎನ್ನುತ್ತದೆ. ಅಳು ಬಂದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ, ನಾನು ಪಕ್ಕದಲ್ಲೇ ಇರುತ್ತೇನೆ’ ಎನ್ನಿ. ಶಸ್ತ್ರಚಿಕಿತ್ಸೆಯಾದರೆ, ಅದು ರಾತ್ರಿಯ ನಿದ್ದೆಯಲ್ಲ, ಔಷಧದಿಂದ ಬರುವ ನಿದ್ದೆ, ಮುಗಿದ ಮೇಲೆ ಎಚ್ಚರವಾಗುತ್ತದೆ ಎಂದು ತಿಳಿಸಿ. ಗೊಂಬೆಯ ಕೈಗೆ ಬ್ಯಾಂಡೇಜ್ ಸುತ್ತಿಸಿ ಆಟ ಆಡಿಸಿದರೆ, ಮಗು ಬಾಯಿಬಿಟ್ಟು ಹೇಳದ ಭಯವೂ ಹೊರಬರಬಹುದು.

ಮಗುವನ್ನು ಎದುರಿಗಿಟ್ಟುಕೊಂಡು ವೈದ್ಯರೂ ತಂದೆತಾಯಿಯೂ ಇಂಗ್ಲಿಷಿನಲ್ಲಿ ಮಾತಾಡುವುದು ಬೆಂಗಳೂರಿನಲ್ಲಿ ಸಾಮಾನ್ಯ. ಆ ಮಗುವಿಗೆ ತಿಳಿಯುವುದು ‘ಆಪರೇಷನ್’ ಎಂಬ ಪದ, ಮತ್ತೆ ಅಮ್ಮನ ಮುಖ. ಉಳಿದದ್ದನ್ನು ಅದು ಊಹಿಸಿಕೊಳ್ಳುತ್ತದೆ, ಆ ಊಹೆ ನಿಜಕ್ಕಿಂತ ಘೋರವಾಗಿರಬಹುದು. ಕನ್ನಡದಲ್ಲಿ, ಮಗುವಿನ ಕಡೆ ತಿರುಗಿ ಹೇಳುವಂತೆ ವೈದ್ಯರನ್ನು ಕೇಳಿ. ಇದರಲ್ಲಿ ಸಂಕೋಚ ಬೇಡ.

ಚುಚ್ಚುವಾಗ
ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಬಹುದೇ ಎಂದು ಮೊದಲೇ ವಿಚಾರಿಸಿ. ಅದು ಕೆಲಸ ಮಾಡಲು ಸಾಮಾನ್ಯವಾಗಿ ಒಂದು ಗಂಟೆ ಬೇಕು. ಮಲಗಿಸಿ ಅದುಮಿ ಹಿಡಿಯುವ ಬದಲು, ಆಗುವುದಾದರೆ ತೊಡೆಯ ಮೇಲೆ ನೆಟ್ಟಗೆ ಕೂರಿಸಿ ಅಪ್ಪಿಕೊಳ್ಳಿ. ಸೋಪಿನ ಗುಳ್ಳೆ ಊದಿಸಿ. ‘ಚುಚ್ಚಿಸಿಕೊಳ್ಳುತ್ತೀಯಾ?’ ಎಂದು ಕೇಳಬೇಡಿ, ಅದು ಮಗುವಿನ ಕೈಯಲ್ಲಿಲ್ಲ. ‘ಯಾವ ಕೈ? ನೋಡುತ್ತೀಯೋ, ಕಣ್ಣು ಮುಚ್ಚಿಕೊಳ್ಳುತ್ತೀಯೋ?’ ಎಂದು ಕೇಳಿ.

ಮನೆಗೆ ಬಂದ ಮೇಲೆ
ಹಾಸಿಗೆ ಒದ್ದೆ ಮಾಡುವುದು, ಸೆರಗು ಬಿಡದಿರುವುದು ಕೆಲವು ದಿನ ಸಹಜ, ಬೈಯಬೇಡಿ. ಮನೆಯಲ್ಲೇ ಉಳಿದಿದ್ದ ಅಕ್ಕನಿಗೋ ತಮ್ಮನಿಗೋ ಕೂಡ ನಡೆದದ್ದನ್ನು ತಿಳಿಸಿ. ಕೆಟ್ಟ ಕನಸು, ಊಟ ಬಿಡುವುದು, ಶಾಲೆಯ ಭಯ ತಿಂಗಳಾದರೂ ಹೋಗದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ವಾರ್ಡಿನಲ್ಲಿ ನಿದ್ದೆಗೆಟ್ಟು ಕೂತ ಅಮ್ಮನೂ ತನ್ನ ಸಲುವಾಗಿಯೇ ಕರೆ ಮಾಡಬಹುದು.