ಅಪ್ಪನಿಗೆ ನಾವೇ ಪೋಸ್ಟ್‌ಮಾರ್ಟಂ ಮಾಡಿಸಿದೆವು

ಅಮೆರಿಕದಲ್ಲಿ ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಪೋಸ್ಟ್‌ಮಾರ್ಟಂ ತಾನಾಗಿ ಆಗುವುದಿಲ್ಲ. ಅಪಘಾತ, ಅನುಮಾನದ ಸಾವು ಇಂಥದ್ದಾದರೆ ಮಾತ್ರ ಸರ್ಕಾರದ ಮೆಡಿಕಲ್ ಎಕ್ಸಾಮಿನರ್, ಅಂದರೆ ಸಾವಿನ ಕಾರಣ ಪತ್ತೆಹಚ್ಚುವ ಅಧಿಕಾರಿ, ಕೈಗೆತ್ತಿಕೊಳ್ಳುತ್ತಾರೆ. ಉಳಿದಂತೆ ಕಾರಣ ತಿಳಿಯಬೇಕು ಅಂದರೆ ಮನೆಯವರೇ ಓಡಾಡಬೇಕು.

ನ್ಯೂಜೆರ್ಸಿಗೆ ನಮ್ಮ ಜೊತೆ ಇರೋಕೆ ಅಂತ ಅಪ್ಪ, ಅಮ್ಮ ಬಂದಿದ್ದರು. ಒಂದು ಸಂಜೆ ಅಪ್ಪನಿಗೆ ಬೆನ್ನು ಸೀಳಿದ ಹಾಗೆ ನೋವು ಬಂತು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು. 'ಹಾರ್ಟ್ ಅಟ್ಯಾಕ್ ಇರಬೇಕು' ಅಂದರು ಡಾಕ್ಟರ್. ಬಿಪಿ ಮೊದಲಿನಿಂದ ಇತ್ತು, ಹಾಗಾಗಿ ಸಹಜ ಸಾವು ಅಂತ ಮೆಡಿಕಲ್ ಎಕ್ಸಾಮಿನರ್ ಕಚೇರಿಯವರು ಬಿಟ್ಟುಕೊಟ್ಟರು. ಪೋಸ್ಟ್‌ಮಾರ್ಟಂ ಮಾಡಿಕೊಡುತ್ತೀರಾ ಅಂತ ಆಸ್ಪತ್ರೆಯಲ್ಲಿ ಕೇಳಿದೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ ಅಂದರು. ಆದರೂ ಮೊದಲು ಆಸ್ಪತ್ರೆಯನ್ನೇ ಕೇಳಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ತಮ್ಮ ರೋಗಿಗಳಿಗೆ ದುಡ್ಡಿಲ್ಲದೆ ಮಾಡಿಕೊಡುವುದುಂಟು.

'ಇರಬೇಕು' ಅನ್ನುವ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅಜ್ಜನೂ ಹೀಗೇ ದಿಢೀರಂತ ಹೋದವರು. ನಾನಿದ್ದೇನೆ, ಮೈಸೂರಿನಲ್ಲಿ ಅಣ್ಣ ಇದ್ದಾನೆ, ಅವನಿಗೆ ಮಕ್ಕಳಿದ್ದಾರೆ.

ಆ ದಿನವೇ ಮಾಡಬೇಕಾದ ಕೆಲಸಗಳಿವೆ, ಆಮೇಲೆ ಮಾಡಲಿಕ್ಕಾಗುವುದಿಲ್ಲ. ದೇಹಕ್ಕೆ ಹಾಕಿದ ಟ್ಯೂಬು, ಸೂಜಿ ತೆಗೆಯಬೇಡಿ ಅಂತ ನರ್ಸ್‌ಗೆ ಹೇಳಿ. ಸೇರಿಸಿಕೊಂಡಾಗ ತೆಗೆದ ರಕ್ತವನ್ನು ಲ್ಯಾಬ್‌ನವರು ಕೆಲವೇ ದಿನ ಇಟ್ಟುಕೊಂಡು ಎಸೆದುಬಿಡುತ್ತಾರೆ. ಎಸೆಯಬೇಡಿ ಅಂತ ಬರೆದುಕೊಡಿ. ಅಂತ್ಯಕ್ರಿಯೆ ನೋಡಿಕೊಳ್ಳುವ ಫ್ಯೂನರಲ್ ಹೋಮ್‌ನವರಿಗೆ ತಣ್ಣಗಿಡಿ ಸಾಕು, ಎಂಬಾಮಿಂಗ್ (ದೇಹ ಕೆಡದಂತೆ ಔಷಧಿ ತುಂಬುವುದು) ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಆ ಔಷಧಿ ಹೋದ ಮೇಲೆ ಕೆಲವು ಪರೀಕ್ಷೆಗಳು ಸರಿಯಾಗಿ ಬರುವುದಿಲ್ಲ. ದೇಹವನ್ನು ಊರಿಗೆ ಕಳಿಸುವವರು ಎಂಬಾಮಿಂಗ್ ಮಾಡಿಸಲೇಬೇಕಾಗುತ್ತದೆ. ಅಂಥವರು ಪೋಸ್ಟ್‌ಮಾರ್ಟಂ ಮುಗಿಸಿಕೊಂಡೇ ಅದಕ್ಕೆ ಒಪ್ಪಬೇಕು.

ಆಸ್ಪತ್ರೆಯಲ್ಲಿ ಆಗದಿದ್ದರೆ ಹೊರಗಿನ ಪ್ರೈವೇಟ್ ಡಾಕ್ಟರಿಂದ ಪೋಸ್ಟ್‌ಮಾರ್ಟಂ ಮಾಡಿಸಬೇಕು. ಅವರನ್ನು ಹುಡುಕುವಾಗ ತುಂಬಾ ಹುಷಾರಾಗಿರಿ. ಕಾನ್ಸಾಸ್‌ನಲ್ಲಿ ಡಾಕ್ಟರೇ ಅಲ್ಲದ ಒಬ್ಬ ಪ್ರೈವೇಟ್ ಪೋಸ್ಟ್‌ಮಾರ್ಟಂ ಹೆಸರಲ್ಲಿ ಎಷ್ಟೋ ಮನೆಯವರ ಹತ್ತಿರ ದುಡ್ಡು ತೆಗೆದುಕೊಂಡು ಮೋಸ ಮಾಡಿದ್ದ. 2022ರಲ್ಲಿ ಅವನಿಗೆ ಜೈಲಾಯಿತು. ದುಃಖದಲ್ಲಿರುವವರನ್ನು ಸುಲಿಯುವವರೂ ಇದ್ದಾರೆ ಅಲ್ವಾ, ಹೊಟ್ಟೆ ಉರಿಯುತ್ತದೆ. ನಾನು ಕೇಳಿದ್ದು ಇಷ್ಟು: ನೀವು ಬೋರ್ಡ್ ಸರ್ಟಿಫೈಡ್ ಪ್ಯಾಥಾಲಜಿಸ್ಟಾ (ಈ ಕೆಲಸಕ್ಕೆ ಮಾನ್ಯತೆ ಪಡೆದ ತಜ್ಞ ಡಾಕ್ಟರಾ)? ಕುಯ್ಯುವುದು ನೀವೇನಾ? ವರದಿಗೆ ಸಹಿ ಯಾರದ್ದು? ಅವರ ಲೈಸೆನ್ಸ್ ಅನ್ನು ರಾಜ್ಯದ ಮೆಡಿಕಲ್ ಬೋರ್ಡಿನ ವೆಬ್‌ಸೈಟಿನಲ್ಲಿ ನೋಡಿಕೊಂಡೆ. ಖರ್ಚು ಸಾಮಾನ್ಯವಾಗಿ 3,000 ಡಾಲರ್‌ನಿಂದ ಮೇಲೆ. ದೇಹ ಸಾಗಿಸುವ ದುಡ್ಡು ಬೇರೆ. ಅಪ್ಪನಿಗೆ ಮಾಡಿಸಿದ್ದ ಇನ್ಶೂರೆನ್ಸ್‌ನಿಂದ ಇದಕ್ಕೆ ಏನೂ ಬರಲಿಲ್ಲ.

ಸಹಿ ಹಾಕಬೇಕಾದವರು ಅಮ್ಮ. ಕಾನೂನಿನಲ್ಲಿ ಹೆಂಡತಿಯ ಒಪ್ಪಿಗೆ ಮಕ್ಕಳದ್ದಕ್ಕಿಂತ ಮೊದಲು. ಅಷ್ಟರಲ್ಲಿ ಹಾಸನದಿಂದ ಚಿಕ್ಕಪ್ಪ ಫೋನ್ ಮಾಡಿ, "ಪೊಲೀಸ್ ಕೇಸ್ ಆಗಿದೆಯೇನಮ್ಮಾ?" ಅಂದರು. ನಮ್ಮ ಕಡೆ ಪೋಸ್ಟ್‌ಮಾರ್ಟಂ ಅಂದರೆ ಮೊದಲು ಬರುವ ಯೋಚನೆಯೇ ಅದು. ಅಮ್ಮನ ಚಿಂತೆ ಬೇರೆ. "ಮುಖ ಹಾಗೇ ಇರುತ್ತಾ?" ಅಂದರು.

ನಾನು ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡೂ ಭುಜದಿಂದ ಎದೆಯ ನಡುವಿಗೆ, ಅಲ್ಲಿಂದ ಕೆಳಹೊಟ್ಟೆಯವರೆಗೆ ಕುಯ್ಯುತ್ತಾರೆ. ಆಮೇಲೆ ಹೊಲಿಯುತ್ತಾರೆ. ಅಂಗಿ ಹಾಕಿದರೆ ಕಾಣುವುದಿಲ್ಲ. ತಲೆ ತೆರೆಯುವಾಗ ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಕುಯ್ಯುತ್ತಾರೆ. ಅಪ್ಪನಿಗೆ ಕೂದಲಿರಲಿಲ್ಲ, ತಲೆ ತೆರೆದಿದ್ದರೆ ಆ ಹೊಲಿಗೆ ಕಾಣುತ್ತಿತ್ತು. ನಮ್ಮ ಪ್ರಶ್ನೆ ಎದೆಯದ್ದು ತಾನೇ, ತಲೆ ಬೇಡ ಅಂತ ಫಾರಂನಲ್ಲಿ ಬರೆದೆವು. ಹಾಗೆ ಮಿತಿ ಹಾಕುವ ಹಕ್ಕು ಮನೆಯವರಿಗಿದೆ. ಪರೀಕ್ಷೆಗೆ ಬೇಕಾದ ಚಿಕ್ಕ ತುಣುಕು ಬಿಟ್ಟು ಅಂಗಗಳನ್ನೆಲ್ಲ ದೇಹದಲ್ಲೇ ಇಡಬೇಕು ಅಂತಲೂ ಸೇರಿಸಿದೆವು. ಅದನ್ನು ಓದಿ ಹೇಳಿದ ಮೇಲೆ ಅಮ್ಮ ಪೆನ್ನು ಕೇಳಿದರು.

ಡಾಕ್ಟರಿಗೆ ಆಸ್ಪತ್ರೆಯ ದಾಖಲೆಗಳ ಜೊತೆ ಒಂದು ಪುಟದ ಕಾಗದವನ್ನೂ ಕಳಿಸಿದೆ. ನೋವು ಎಲ್ಲಿ ಶುರುವಾಯಿತು, ಯಾವ ಮಾತ್ರೆ ತಗೋತಿದ್ದರು, ಅಜ್ಜ ಹೇಗೆ ಹೋದರು. ಸುಮ್ನೆ 'ನೋಡಿ ಹೇಳಿ' ಅನ್ನುವುದಕ್ಕಿಂತ ಏನು ತಿಳಿಯಬೇಕು ಅಂತ ಕೇಳಿದರೆ ಉಪಯೋಗ ಜಾಸ್ತಿ.

ಮೊದಲ ಉತ್ತರ ಬೇಗ ಬಂತು. ಪೂರ್ತಿ ವರದಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಾರ್ಟ್ ಅಟ್ಯಾಕ್ ಅಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಅಯೋರ್ಟಾದ, ಒಳಪದರ ಹರಿದು, ರಕ್ತ ಹೃದಯದ ಸುತ್ತಲಿನ ಚೀಲಕ್ಕೆ ತುಂಬಿಕೊಂಡಿತ್ತು. ಡಾಕ್ಟರ್ ಫೋನಿನಲ್ಲಿ ನಿಧಾನವಾಗಿ ವಿವರಿಸಿ, ಇದು ಕೆಲವು ಮನೆತನಗಳಲ್ಲಿ ಬರುತ್ತದೆ, ಒಡಹುಟ್ಟಿದವರೆಲ್ಲ ತೋರಿಸಿಕೊಳ್ಳಿ ಅಂದರು. ಅಣ್ಣ ಮೈಸೂರಿನ ಜಯದೇವದಲ್ಲಿ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿದ. ಅವನ ಅಯೋರ್ಟಾ ಹಿಗ್ಗಿದೆ. ಈಗ ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ಭಾರ ಎತ್ತುವುದಿಲ್ಲ, ವರ್ಷವರ್ಷ ಅಳತೆ ನೋಡಿಸುತ್ತಾನೆ. ನನ್ನದು ಸದ್ಯಕ್ಕೆ ಸರಿಯಾಗಿದೆ.

ವರದಿ ಕೊಟ್ಟು ಮರಣ ಪತ್ರದಲ್ಲಿ ಕಾರಣ ತಿದ್ದಿಸಿದೆವು. ಮಾಡಿಸುವವರು ಇನ್ನೊಂದು ಕೇಳಿಕೊಳ್ಳಿ: ಡಿಎನ್‌ಎ ಪರೀಕ್ಷೆಗೆ ಆಗುವಂತೆ ಒಂದು ಕಾರ್ಡಿನ ಮೇಲೆ ರಕ್ತದ ಹನಿ ಒಣಗಿಸಿ ಇಡುತ್ತೀರಾ ಅಂತ. ಅಪ್ಪನದ್ದು ಇಟ್ಟಿದ್ದರು. ಅಣ್ಣನ ಮಕ್ಕಳಿಗೆ ಯಾವ ಪರೀಕ್ಷೆ ಬೇಕು ಅಂತ ತಿಳಿಯಲು ಈಗ ಅದನ್ನೇ ಲ್ಯಾಬಿಗೆ ಕಳಿಸುತ್ತಿದ್ದೇವೆ.