ಡೇರೆಗೆ ಮೊದಲು ಗೂಟ, ಆಮೇಲೆ ಗಡ್ಡೆ

ಹೊಸ ಮನೆಯ ಕಾಂಪೌಂಡ್ ಪಕ್ಕ ಮಾಡಿದ ಹೂವಿನ ಪಾತಿ ಮೊದಲ ವರ್ಷ ಬೋಳುಬೋಳಾಗಿ ಕಾಣುತ್ತದೆ. ಮಲೆನಾಡಿನವರಿಗೆ ಅದರ ಚಿಂತೆ ಯಾಕೆ? ಡೇರೆ ಹೂವು, ಅಂದರೆ ಡೇಲಿಯಾ ಇದೆಯಲ್ಲ! ನೆಂಟರ ಮನೆಯಿಂದ ನಾಲ್ಕು ಗಡ್ಡೆ ತಂದು ಜೋಪಾನ ಮಾಡಿದರೆ ವರ್ಷ ವರ್ಷವೂ ಚಿಗುರುತ್ತದೆ.

ಗಡ್ಡೆಯ ಗಾತ್ರ ನೋಡಿ ಮರುಳಾಗಬೇಡಿ, ಕುತ್ತಿಗೆ ನೋಡಿ. ಆಲೂಗಡ್ಡೆಯ ಹಾಗೆ ಇದಕ್ಕೆ ಮೈತುಂಬ ಕಣ್ಣಿರುವುದಿಲ್ಲ. ಹಳೆ ಕಾಂಡಕ್ಕೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಉಬ್ಬಿರುತ್ತದೆ. ಆ ಭಾಗ ಮುರಿದುಹೋಗಿದ್ದರೆ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರದು.

ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಮಣ್ಣು ಅಗೆಯಿರಿ. ಮನೆ ಕಟ್ಟುವಾಗ ಬಿದ್ದ ಜಲ್ಲಿ, ಸಿಮೆಂಟ್ ಹೆಂಟೆ ಆರಿಸಿ ಎಸೆಯಿರಿ. ಹಳೆ ಕೊಟ್ಟಿಗೆ ಗೊಬ್ಬರ ಬೆರೆಸಿ ಪಾತಿಯನ್ನು ಒಂದಡಿ ಏರಿಸಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಸೂರಿನ ನೀರು ಬೀಳುವ ಜಾಗವಂತೂ ಬೇಡವೇ ಬೇಡ.

ಈಗ ಗೂಟ. ಎರಡೆರಡು ಅಡಿಗೆ ಒಂದರಂತೆ ಐದಡಿಯ ಅಡಕೆ ದಬ್ಬೆಯನ್ನು (ಅಡಕೆ ಮರದ ಸೀಳು) ಒಂದಡಿ ಆಳಕ್ಕೆ ಹೊಡೆಯಿರಿ. ಅದರ ಪಕ್ಕದಲ್ಲೇ ನಾಲ್ಕು ಇಂಚು ಆಳದಲ್ಲಿ, ಕಣ್ಣು ಮೇಲೆ ಬರುವಂತೆ ಗಡ್ಡೆ ಮಲಗಿಸಿ. ಗಿಡವೇ ಇಲ್ಲದ ಪಾತಿಯಲ್ಲಿ ಬರೀ ಗೂಟ ನೋಡಿ ಅಕ್ಕಪಕ್ಕದವರು ನಗಬಹುದು, ನಗಲಿ ಬಿಡಿ. ‘ಗಿಡ ಬೆಳೆಯಲಿ, ಆಮೇಲೆ ನೋಡೋಣ’ ಅಂತ ನಾನೂ ಒಮ್ಮೆ ಸುಮ್ನೆ ಕೂತಿದ್ದೆ. ಜುಲೈನಲ್ಲಿ ಗೂಟ ಹೊಡೆದರೆ ಅದು ಕಚಕ್ಕನೆ ಗಡ್ಡೆಯೊಳಗೇ ಇಳಿಯಿತು. ವಾರ ಕಳೆಯುವುದರೊಳಗೆ ಗಿಡ ಜೋತುಬಿತ್ತು.

ಮೊಳಕೆಗೆ ಬಸವನಹುಳದ ಕಾಟ ಜಾಸ್ತಿ. ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಸುಲಭ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಮನಸ್ಸು ಒಪ್ಪುವುದಿಲ್ಲ ನಿಜ, ಆದರೆ ಚಿವುಟಿದರೇ ಪಕ್ಕದ ಕವಲು ಬರುವುದು, ಹೂವೂ ಹೆಚ್ಚು.

ಡೇರೆಯ ಕಾಂಡದೊಳಗೆ ಟೊಳ್ಳು. ಮಳೆ ನೀರು ತುಂಬಿಕೊಂಡ ಹೂವು ತಲೆ ಬಗ್ಗಿಸಿದರೆ ಕಾಂಡ ಲಟಕ್ಕೆಂದು ಮುರಿಯುತ್ತದೆ. ಅದಕ್ಕೇ ಗಿಡ ಒಂದಡಿ ಎತ್ತರ ಬಂದಾಗಿನಿಂದ ಕಟ್ಟುತ್ತಾ ಹೋಗಿ. ಹಳೆ ಕಾಟನ್ ಸೀರೆಯ ಪಟ್ಟಿಯನ್ನು ಗೂಟಕ್ಕೆ ಬಿಗಿಯಾಗಿ, ಗಿಡಕ್ಕೆ ಸಡಿಲವಾಗಿ, ಇಂಗ್ಲಿಷ್ ಅಂಕಿ 8ರ ಹಾಗೆ ಸುತ್ತಿ. ನಡುವಿನ ತಿರುವು ಗಿಡ ಗೂಟಕ್ಕೆ ಉಜ್ಜದಂತೆ ತಡೆಯುತ್ತದೆ. ತಂತಿ, ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ದುಬಿಡುತ್ತವೆ. ಒಂದೊಂದು ಅಡಿಗೆ ಒಂದೊಂದು ಕಟ್ಟು ಸಾಕು.

ನಡುವಿನ ಖಾಲಿ ಜಾಗಕ್ಕೆ ಈ ವರ್ಷ ಗೊಂಡೆ ಬೀಜ ಚೆಲ್ಲಿ. ಡೇರೆಯನ್ನೇ ಒತ್ತೊತ್ತಾಗಿ ತುರುಕಿದರೆ ಗಾಳಿಯಾಡದೆ ಎಲೆಗೆ ರೋಗ.

ದೀಪಾವಳಿ ಕಳೆದು ಗಿಡ ಹಳದಿಯಾದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ. ಸುತ್ತ ದೂರದಿಂದ ಅಗೆದು ಗಡ್ಡೆ ಎತ್ತಿ, ನೆರಳಲ್ಲಿ ಒಣಗಿಸಿ, ಒಣ ಮರಳಿನಲ್ಲಿ ಹುಗಿದಿಡಿ. ಬಣ್ಣದ ಹೆಸರು ಬರೆದ ಚೀಟಿ ಕಟ್ಟುವುದು ಮರೆಯಬೇಡಿ. ಕೆಂಪು ಅಂತ ಕೊಟ್ಟದ್ದು ಬಿಳಿ ಬಿಟ್ಟರೆ ಅತ್ತಿಗೆ ಮುಂದಿನ ನವರಾತ್ರಿವರೆಗೂ ಆಡಿಕೊಳ್ಳುತ್ತಾರೆ.